ಪಿಂಗಾಣಿ ಎತ್ತಿನ ಗುರ್ತು

ಯಾರಾದರೂ ಪಿಂಗಾಣಿಯ ನಾಯಿಯನ್ನೋ ಮೊಲವನ್ನೋ ಕೈಗೆ ಕೊಟ್ಟರೆ ನಾನು ಅದರ ಮುಖ ನೋಡುವುದಿಲ್ಲ. ಮೊದಲು ಬೋರಲು ಹಾಕಿ ಅಡಿ ನೋಡುತ್ತೇನೆ. ಕೊಟ್ಟವರಿಗೆ ಇದು ಸೇರುವುದಿಲ್ಲ. ಕೂಸನ್ನು ಎತ್ತಿ ಮುದ್ದು ಮಾಡು ಅಂದರೆ ತಲೆಕೆಳಗು ಹಿಡಿದನಲ್ಲ ಅನ್ನುವ ಹಾಗೆ ನೋಡುತ್ತಾರೆ. ಮುಂಬಯಿಯ ಹರಾಜು ಮಳಿಗೆಯಲ್ಲಿ ನನಗೆ ಈ ವಿದ್ಯೆ ಕಲಿಸಿದ ಮುದಿ ಪಾರಸಿ, ಮುಖ ಸುಳ್ಳು ಹೇಳುತ್ತದೆ, ಅಡಿ ಹೇಳುವುದಿಲ್ಲ ಎನ್ನುತ್ತಿದ್ದ. ಅಡಿಯೂ ಬೇಕಾದಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ಆಮೇಲೆ ನಾನೇ ಪೆಟ್ಟು ತಿಂದು ಕಲಿತೆ.

ಜರ್ಮನಿಯ ಜೊತೆ ಲಡಾಯಿ ಸುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಕಲಬುರ್ಗಿಯ ಪೇಟೆಯಲ್ಲಿ ನನ್ನದು ಚೀನಿ ಸಾಮಾನಿನ ಅಂಗಡಿ, ಮನೆ ಬ್ರಹ್ಮಪುರದಲ್ಲಿ. ಒಂದು ದಿನ ಐವಾನ್-ಎ-ಶಾಹಿ ಕಡೆಯ ಜಾಗೀರದಾರರ ಬಂಗಲೆಯಿಂದ ಜವಾನ ಬಂದು, ಸಾಹೇಬರು ಕರೆಯುತ್ತಿದ್ದಾರೆ ಎಂದ. ಒಡೆದ ತಟ್ಟೆಗೆ ಜೋಡಿ ಬೇಕಾಗಿರಬಹುದು ಎಂದುಕೊಂಡು ಭೂತಗನ್ನಡಿಯನ್ನು ಕಿಸೆಗೆ ಹಾಕಿಕೊಂಡು ಹೋದೆ.

ಅಲ್ಲಿ ತಟ್ಟೆಯ ಮಾತೇ ಇರಲಿಲ್ಲ. ದಿವಾಣಖಾನೆಯ ಗಾಜಿನ ಅಲ್ಮಾರಿಯ ಮುಂದೆ ಜಾಗೀರದಾರರು ನಿಂತಿದ್ದರು. ತಂದೆ ತೀರಿಕೊಂಡ ಮೇಲೆ ಹೈದರಾಬಾದಿನಿಂದ ಬಂದು ಅಧಿಕಾರ ವಹಿಸಿಕೊಂಡಿದ್ದ ಹೊಸ ಸಾಹೇಬರು, ಇನ್ನೂ ಎಳೆಯ ವಯಸ್ಸು. ಪಕ್ಕದಲ್ಲಿ ಅವರ ಕಾರಭಾರಿ. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತವನು ತೋಷಾಖಾನೆಯ ಕೀಲಿ ಹಿಡಿಯುವವನು, ಕಮಲಾಪುರದ ಕಡೆಯ ಶೈವ. ಹಿರಿಯ ಸಾಹೇಬರ ಕಾಲದಿಂದ ಬಂಗಲೆಯ ಬೆಲೆಬಾಳುವ ಸಾಮಾನೆಲ್ಲ ಅವನ ಸುಪರ್ದಿನಲ್ಲಿತ್ತು. ಆ ಹೊತ್ತು ಮಾತ್ರ ಕೀಲಿ ಅವನ ಸೊಂಟದಲ್ಲಿರಲಿಲ್ಲ.

ಅಲ್ಮಾರಿಯಲ್ಲಿ ಜರ್ಮನಿಯ ಪಿಂಗಾಣಿ ಪ್ರಾಣಿಗಳಿದ್ದವು: ನಾಯಿ, ಆಡು, ಮೊಲ, ನರಿ, ಗಿಳಿ, ಎತ್ತು. ಹಿರಿಯ ಸಾಹೇಬರು ಮುಂಬಯಿಯ ಅಂಗಡಿಯಿಂದ ಒಮ್ಮೆಲೇ ಹೊಸದಾಗಿ ಕೊಂಡು ತಂದದ್ದು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಎತ್ತಿನ ಮಗ್ಗುಲಿಗೆ ಒಂದು ಜಾಗ ಖಾಲಿ. ಕೆಳಗೆ ಮೇಜಿನ ಮೇಲೆ ಬೇರೆ ಒಂದು ಎತ್ತನ್ನು ಇಟ್ಟಿದ್ದರು. ಅದೇ ಅಳತೆ, ಅದೇ ನಿಲುವು, ಕತ್ತು ಬಲಕ್ಕೆ ತಿರುಗಿಸಿದ ರೀತಿಯೂ ಅದೇ. ಆದರೆ ಮೈಮೇಲೆ ಕುಂಕುಮ, ವಿಭೂತಿ, ಎಣ್ಣೆಯ ಜಿಡ್ಡು. ಕಾಲಿನ ಸಂದುಗಳಲ್ಲಿ, ಪೀಠದ ತುಂಬ ಒಣಗಿದ ಕರಿ ಮಣ್ಣು.

“ಜೋಡೆತ್ತಿನಾಗ ಒಂದು ಕಾಣಂಗಿಲ್ರೀ,” ಎಂದ ಕಾರಭಾರಿ. “ಹುಡುಕಿದ್ರ ಇವನ ಮನಿ ದೇವರ ಜಗಲಿ ಮ್ಯಾಲ ಸಿಕ್ತು. ದೇವರ ಕೋಣ್ಯಾಗ ಇಟ್ರ ಕಳುವಿನ ಮಾಲು ಪ್ರಸಾದ ಆಗ್ತದೇನು?”

“ಕಳುವು ಮಾಡಿಲ್ರೀ,” ಎಂದ ಕೀಲಿಯವ. “ನಮ್ಮ ಮುತ್ಯಾ ಹೇರು ಹೊಡಕೊಂಡು ಸೊಲ್ಲಾಪುರಕ್ಕ ಹೋಗ್ತಿದ್ದ. ಅಲ್ಲಿ ದಂಡಿನ ಪ್ಯಾಟ್ಯಾಗ ಗೋರಾ ಸಾಹೇಬ ಊರು ಬಿಡೂವಾಗ ಸಾಮಾನು ಹರಾಜು ಹಾಕಿದ್ನಂತ. ಎತ್ತು ನೋಡಿ ಬಸವಣ್ಣ ಅಂತ ತಂದಾನ. ನಾ ಹುಟ್ಟೋಕಿಂತ ಮೊದಲ ಮನ್ಯಾಗ ಅದ.”

ಸಾಹೇಬರು ನನ್ನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ, ಅವಸರದವರೂ ಅಲ್ಲ. “ಇವನು ನಮ್ಮ ವಾಲಿದ್ ಸಾಹೇಬರ ನೌಕರ,” ಎಂದರು. “ನಾಹಕ್ಕಾಗಿ, ತಪ್ಪಿಲ್ಲದೆ, ಇವನನ್ನು ಕೋತ್ವಾಲಿಯ ಪೊಲೀಸರಿಗೆ ಒಪ್ಪಿಸುವುದು ನನಗೆ ಬೇಡ. ಈ ಎರಡೂ ಎತ್ತು ಒಂದೇ ಜೋಡಿಯೋ ಅಲ್ಲವೋ, ನೀವು ನೋಡಿ ಹೇಳಿ. ಜೋಡಿ ಆದರೆ ಕಾಗದ ಇವತ್ತೇ ಕೋತ್ವಾಲಿಗೆ ಹೋಗುತ್ತದೆ.”

ತಟ್ಟೆಗೆ ಜೋಡಿ ಹುಡುಕಲು ಬಂದವನ ಕೈಗೆ ಒಬ್ಬ ಮನುಷ್ಯನ ಕುತ್ತಿಗೆ ಸಿಕ್ಕಿತ್ತು. ನನಗೆ ಮನಸ್ಸಿನಲ್ಲೇ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮೊದಲು ಅಲ್ಮಾರಿಯ ಪ್ರಾಣಿಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಎಲ್ಲದರ ಅಡಿಯಲ್ಲೂ ನೀಲಿ ಬಣ್ಣದ ಅಡ್ಡಕತ್ತಿಗಳು, ಹಿಡಿಯ ತುದಿಯಲ್ಲಿ ಸಣ್ಣ ಗುಂಡು. ಜರ್ಮನಿಯ ಒಂದು ಹಳೆಯ ಕಾರ್ಖಾನೆಯ ಗುರ್ತು ಅದು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಆ ಕತ್ತಿಗಳನ್ನು ಕದ್ದು ಹಾಕಿಕೊಂಡ ಕಾರ್ಖಾನೆಗಳು ಬೇಕಾದಷ್ಟಿವೆ. ಅದಕ್ಕೇ ಉಗುರಿನಿಂದ ಗುರ್ತಿನ ಮೇಲೆ ಸವರಿ ನೋಡಬೇಕು. ಗಾಜಿನಂಥ ಮೆರುಗಿನ ಮೇಲೆ ಬರೆದದ್ದಾದರೆ ಉಗುರಿಗೆ ತಡೆಯುತ್ತದೆ. ಮೆರುಗು ಹಾಕುವುದಕ್ಕೆ ಮೊದಲೇ ಬರೆದು ಭಟ್ಟಿಗೆ ಇಟ್ಟದ್ದಾದರೆ ನೀರಿನ ತಳದ ಕಲ್ಲಿನ ಹಾಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಇವು ಕೈಗೆ ಸಿಗಲಿಲ್ಲ. ಕತ್ತಿಗಳ ಪಕ್ಕದಲ್ಲಿ ಹಸಿ ಮಣ್ಣಿನಲ್ಲಿ ಗೀರಿದ ಅಚ್ಚಿನ ಅಂಕಿ, ಇನ್ನೊಂದು ಒತ್ತಿದ ಅಂಕಿ. ಅಸಲಿ ಮಾಲು, ನಮ್ಮ ತಂದೆಯ ಕಾಲದ್ದು, ಬಹಳ ಹಳೆಯದಲ್ಲ. ನಾಯಿಯ ಅಡಿಯಲ್ಲಿ ಮಾತ್ರ ಕತ್ತಿಗಳಿಗೆ ಅಡ್ಡಲಾಗಿ ಒಂದು ಗೀರು ಇತ್ತು. ಮಾಲಿನಲ್ಲಿ ಐಬು ಇದ್ದರೆ ಕಾರ್ಖಾನೆಯವರೇ ಹೀಗೆ ಗೀರುತ್ತಾರೆ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಮೇಜಿನ ಮೇಲಿನ ಎತ್ತು. ಅಡಿಯಲ್ಲಿ ಮೆರುಗೂ ಇಲ್ಲ, ಗುರ್ತೂ ಇಲ್ಲ, ಬರೀ ಮಣ್ಣು ಮೆತ್ತಿದ ಒರಟು ಪೀಠ. ಪೇಟೆಯ ನಕಲಿ ಮಾಲು, ಕೀಲಿಯವ ಬಚಾವಾದ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಬಾಯಿ ತೆರೆಯುವ ಮೊದಲು ಒದ್ದೆ ಬೆರಳಿನಿಂದ ಪೀಠದ ಹಿಂಬದಿಯ ಅಂಚನ್ನು ಸವರಿದೆ. ಮಣ್ಣು ಸರಿದ ಕಡೆ ಒಂದು ನೀಲಿ ಗೆರೆಯ ತುದಿ ಇಣುಕಿತು.

ನನ್ನ ಸಮಾಧಾನವೆಲ್ಲ ಇಳಿದುಹೋಯಿತು. ಆ ಗೆರೆ ಕತ್ತಿಯದೇ ಆಗಿದ್ದರೆ, ಅದೂ ಗುಂಡು ಹಿಡಿಯ ಕತ್ತಿ ಆಗಿದ್ದರೆ, ಮನುಷ್ಯ ಮುಗಿದಂತೆ. ಇದನ್ನು ತೊಳೆದು ನೋಡಬೇಕು, ಮನೆಗೆ ಒಯ್ಯುತ್ತೇನೆ ಎಂದೆ. ಸಾಹೇಬರು ಒಪ್ಪಿದರು. ಕಾರಭಾರಿ ಒಪ್ಪದಿದ್ದರೂ ಸುಮ್ಮನಾದ.

ಹೊರಡುವಾಗ ಕೀಲಿಯವನನ್ನು ಕೇಳಿದೆ, “ತೊಳೀಲೇನಪಾ?”

“ನನ್ನ ಕೇಳಬ್ಯಾಡ್ರೀ ರಾಯರ,” ಎಂದ. “ಅದು ನಮ್ಮವ್ವನ ಬಸವಣ್ಣ. ಆಕಿ ಹ್ಞೂಂ ಅಂದ್ರ ತೊಳೀರಿ.”

ಕೆಲಸಕ್ಕೆ ಬಾರದ ಭಕ್ತಿ ಎಂದು ಬೈಯಬಹುದಿತ್ತು. ಆದರೆ ಇನ್ನೊಬ್ಬರ ಮನೆ ದೇವರನ್ನು ಕೇಳದೆ ಉಜ್ಜಿದವನು ಎಂಬ ಹೆಸರು ನನಗೂ ಬೇಡವಾಗಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಗಾಡಿ ಹೂಡಿಸಿ ಕಮಲಾಪುರಕ್ಕೆ ಹೊರಟೆ. ಎತ್ತನ್ನು ಅರಿವೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯ ಕುಲುಕಾಟಕ್ಕೆ ಅದರ ಕೋಡು ಮುರಿದರೆ ನನ್ನ ಕೋಡು ಮುರಿಯುವವರು ಬಹಳ ಮಂದಿ ಇದ್ದರು.

ಅವನ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅರಿವೆ ಬಿಚ್ಚಿದ ಕೂಡಲೇ ಮೊರ ಕೆಳಗಿಟ್ಟು ಎತ್ತಿಗೆ ಕೈ ಮುಗಿದಳು, ಆಮೇಲೆ ನನ್ನ ಕಡೆ ನೋಡಿದಳು. ಕೆಂಪು ಬಾಳೆಹಣ್ಣು ತಂದು ಮುಂದಿಟ್ಟಳು. ಮಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಕೇಳಿದರೆ ನಾನು ಏನು ಹೇಳುತ್ತೇನೋ ಎಂದು ಹೆದರಿದ್ದಳು.

“ಈ ಮಣ್ಣು ಹೆಂಗ ಮೆತ್ತಿತವ್ವಾ?” ಎಂದೆ.

“ನಾನಽ ಮೆತ್ತೀನಿ. ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತು ಪೂಜಿ ಮಾಡಬೇಕಲ್ರೀ, ಚೀನಿ ಎತ್ತು ನಡೀತದೇನು? ಅದಕ್ಕ ಕೆರಿ ಮಣ್ಣು ತಂದು ಇದರ ಮೈಗೆಲ್ಲ ಸವರ್ತೀನಿ. ಇದಕ್ಕೊಂದು ಜೋಡಿ ಮಣ್ಣೀಲೆ ಮಾಡಿ ಮಗ್ಗಲಕ ಇಡ್ತೀನಿ. ಜೋಡಿನ ನೀರಿಗೆ ಬಿಡ್ತೀವಿ, ಇದನ್ನ ತಿರುಗಿ ಜಗಲಿಗೆ ಇಡ್ತೀವಿ. ನಮ್ಮತ್ತಿನೂ ಹಂಗಽ ಮಾಡ್ತಿದ್ಲು.”

“ಜೋಡಿ ಯಾಕ?”

ಆಕೆ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. “ಒಂಟಿ ಎತ್ತು ಯಾರ ಮನ್ಯಾಗ ಕಟ್ತಾರ್ರೀ? ಉಳೂದು ಹೆಂಗ?”

ಆ ಮಾತು ಕೇಳಿ ನಾನು ಬಾಳೆಹಣ್ಣನ್ನು ಅರ್ಧಕ್ಕೇ ಬಿಟ್ಟು ಕೂತೆ. ಅಲ್ಮಾರಿಯಲ್ಲಿ ನಾಯಿ ಒಂದು, ಆಡು ಒಂದು, ನರಿ ಒಂದು, ಗಿಳಿಯೂ ಒಂದೇ. ಎತ್ತು ಮಾತ್ರ ಎರಡು ಇದ್ದವು ಎಂದು ಬಂಗಲೆಯ ಆಳುಗಳೆಲ್ಲ ಆಣೆ ಮಾಡಿ ಹೇಳಿದ್ದರು. ಅವರು ಎರಡನ್ನು ನೋಡಿದ್ದರೋ, ಅಥವಾ ಎತ್ತು ಎಂದಮೇಲೆ ಎರಡೇ ಇರಬೇಕು ಎಂದುಕೊಂಡಿದ್ದರೋ? ಜರ್ಮನಿಯ ಕುಂಬಾರನಿಗೆ ನೊಗದ ಚಿಂತೆ ಯಾಕೆ ಇರಬೇಕು? ಆದರೆ ಇದು ಬರೀ ಅನುಮಾನ. ಆ ಖಾಲಿ ಜಾಗ ಎಲ್ಲಿಂದ ಬಂತು ಎಂಬುದಕ್ಕೆ ಇದರಲ್ಲಿ ಉತ್ತರವಿರಲಿಲ್ಲ.

ತೊಳೆಯಬೇಕು ಎಂದಾಗ ಆಕೆ, “ನೀವು ಮುಟ್ಟಬ್ಯಾಡ್ರಿ, ನಾನಽ ಬಂದು ತೊಳೀತೀನಿ,” ಎಂದಳು. ನನ್ನ ಗಾಡಿಯಲ್ಲೇ ಹೊರಟು ಬಂದಳು; ಎತ್ತು ತೊಳೆಸಿಕೊಂಡದ್ದು ಬ್ರಹ್ಮಪುರದ ನಮ್ಮ ಮನೆಯ ಹಿತ್ತಲಲ್ಲಿ. ನಾನು ಸೋಡಾ ಪುಡಿ ತಂದಿಟ್ಟಿದ್ದೆ. ಆಕೆ ಅದನ್ನು ಮೂಸಿ ನೋಡಿ ದೂರ ಸರಿಸಿದಳು. ಅಂಟುವಾಳದ ನೊರೆ ಮಾಡಿ, ಕೂಸಿಗೆ ಎರೆಯುವ ಹಾಗೆ ಮೊದಲು ಬೆನ್ನು, ಆಮೇಲೆ ಕಾಲು ನೆನೆಸಿದಳು. ಕುಂಕುಮ ಹೋಯಿತು, ವಿಭೂತಿ ಹೋಯಿತು. ಮಣ್ಣು ಪದರ ಪದರವಾಗಿ ಬಿಟ್ಟಿತು, ಒಂದೊಂದು ಪದರ ಒಂದೊಂದು ವರ್ಷದ್ದು. ಆಕೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನನಗೂ ನೋಡಲಾಗಲಿಲ್ಲ.

ಕೊನೆಗೆ ಪೀಠದ ಹಿಂಬದಿಯ ಅಂಚಿನಲ್ಲಿ ಗುರ್ತು ಹೊರಬಿತ್ತು. ಅಡ್ಡಕತ್ತಿಗಳೇ. ಉಗುರು ಸವರಿದೆ, ತಡೆಯಲಿಲ್ಲ. ಮೆರುಗಿನ ಕೆಳಗಿನ ನೀಲಿ. ಅದೇ ಕಾರ್ಖಾನೆ, ಅದೇ ಅಚ್ಚು. ಕಾರಭಾರಿ ಅಲ್ಲಿದ್ದರೆ ಆಗಲೇ ಜವಾನನನ್ನು ಕೋತ್ವಾಲಿಗೆ ಓಡಿಸುತ್ತಿದ್ದ.

ಎತ್ತನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ಟು ಮತ್ತೆ ನೋಡಿದೆ. ಗಡಿಬಿಡಿಯಲ್ಲಿ ನೋಡಿದವನಿಗೆ ಕತ್ತಿ ಕತ್ತಿಯೇ. ಆದರೆ ಇವು ಸಣಕಲು ಕತ್ತಿಗಳು, ಹಿಡಿಯ ತುದಿಯಲ್ಲಿ ಗುಂಡು ಇಲ್ಲ, ಎರಡು ಹಿಡಿಗಳ ನಡುವೆ ಸಾಸಿವೆಯಷ್ಟು ಒಂದು ನೀಲಿ ಚುಕ್ಕೆ. ಅಡಿಯಲ್ಲಿ ಗೀರಿದ ಅಂಕಿ ಇಲ್ಲ, ಒತ್ತಿದ ಅಂಕಿಯೂ ಇಲ್ಲ. ಗುರ್ತು ಅಡಿಯಲ್ಲಿರದೆ ಹಿಂಬದಿಯ ಅಂಚಿನಲ್ಲಿದೆ. ಚುಕ್ಕೆಯ ಕತ್ತಿಯನ್ನು ಆ ಕಾರ್ಖಾನೆಯವರು ಬರೆದದ್ದು ಸ್ವಲ್ಪೇ ಕಾಲ, ಅದೂ ನಮ್ಮ ಮುತ್ತಾತಂದಿರ ಕಾಲದಲ್ಲಿ. ಹಳೆಯ ಅಚ್ಚನ್ನು ಅವರು ಎಸೆಯುವುದಿಲ್ಲ. ಅಜ್ಜ ತೆಗೆದ ಅಚ್ಚಿನಲ್ಲೇ ಮೊಮ್ಮಗನೂ ಎತ್ತು ತೆಗೆಯುತ್ತಾನೆ. ಅದಕ್ಕೇ ಎರಡೂ ಅವಳಿಜವಳಿಯಾಗಿ ಕಂಡಿದ್ದವು. ಒಂದು ಇನ್ನೊಂದರ ಜೋಡಿಯಲ್ಲ, ಮುತ್ತಜ್ಜ. ಹಿರಿಯ ಸಾಹೇಬರು ಹೊಸದಾಗಿ ಕೊಂಡ ಮಾಲಿನಲ್ಲಿ ಇದು ಇದ್ದಿರಲು ಸಾಧ್ಯವೇ ಇರಲಿಲ್ಲ.

ಕುಣಿಯಬೇಕು ಅನಿಸಿತು. ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಸಾಹೇಬರಿಗೆ ಹಳೆಯ ವಸ್ತು ಎಂದರೆ ಪ್ರಾಣ. ಇದು ನಿಮ್ಮ ಇಡೀ ಅಲ್ಮಾರಿಗಿಂತ ಹಳೆಯದು ಎಂದು ನಾನು ಅಂದ ಗಳಿಗೆಯಲ್ಲೇ ಅವರ ಕಣ್ಣು ಇದರ ಮೇಲೆ ಬೀಳುತ್ತದೆ. ದೊರೆಯ ಕಣ್ಣು ಬಿದ್ದ ವಸ್ತುವನ್ನು ಅವರ ಅನ್ನ ಉಣ್ಣುವವನು ರುಮಾಲಿನ ಮೇಲಿಟ್ಟು ನಜರು ಕಾಣಿಕೆಯಾಗಿ ಒಪ್ಪಿಸಬೇಕು, ಅದು ರಿವಾಜು. ದೊಡ್ಡ ಮನಸ್ಸಿದ್ದರೆ ದೊರೆ ಮುಟ್ಟಿ ಹಿಂದಕ್ಕೆ ಕೊಡುತ್ತಾನೆ. ಮನಸ್ಸು ಆ ವಸ್ತುವಿನ ಮೇಲೇ ಇದ್ದರೆ ಇಟ್ಟುಕೊಳ್ಳುತ್ತಾನೆ.

ಹಾಗಾದರೆ ಪೇಟೆಯ ನಕಲಿ ಎಂದುಬಿಡಲೇ? ನಕಲಿ ಎಂದರೆ ಹೊಸದು ಎಂದಂತೆ. ಮುತ್ಯಾನ ಕಾಲದ್ದು ಎಂದು ಕೀಲಿಯವ ಹೇಳಿದ್ದು ಸುಳ್ಳಾಗುತ್ತದೆ, ಒಂದು ಸುಳ್ಳು ಹೇಳಿದವನ ಇನ್ನೊಂದು ಮಾತನ್ನೂ ಯಾರೂ ನಂಬುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವನನ್ನು ಬಿಡಿಸುವುದು ಈ ಎತ್ತಿನ ವಯಸ್ಸು ಒಂದೇ, ಮತ್ತು ಎತ್ತನ್ನು ಕಳೆಯುವುದೂ ಅದೇ.

ಒರೆಸಿ ಇಟ್ಟ ಎತ್ತಿನ ಮುಂದೆ ಆ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. “ನಿನ್ನ ಮಗ ಬಿಡುಗಡಿ ಆಗ್ತಾನವ್ವಾ. ಆದ್ರ ಇದು ನಿನ್ನ ಜಗಲಿಗೆ ತಿರುಗಿ ಬರ್ತದ ಅಂತ ನಾ ಹೇಳಂಗಿಲ್ಲ. ನೀ ಬ್ಯಾಡ ಅಂದ್ರ ನಾ ಗುರ್ತು ಗೊತ್ತಾಗಲಿಲ್ಲ ಅಂತೀನಿ, ಬ್ಯಾರೆ ಏನರ ದಾರಿ ನೋಡೂಣು.”

ಆಕೆ ಎತ್ತಿನ ಕೋಡಿನ ಸಂದಿಯಲ್ಲಿ ಉಳಿದಿದ್ದ ನೊರೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

“ಬಸವಣ್ಣ ಹೋದ್ರ ಕೆರಿ ಮಣ್ಣೀಲೆ ಇನ್ನೊಬ್ಬನ್ನ ಮಾಡ್ತೀನಿ,” ಎಂದಳು. “ಮಗನ್ನ ಯಾವ ಮಣ್ಣೀಲೆ ಮಾಡ್ಲೆಪಾ? ಇದ್ದದ್ದು ಇದ್ದಂಗ ಹೇಳಿಬಿಡ್ರಿ.”

ಮರುದಿನ ಬಂಗಲೆಯ ದಿವಾಣಖಾನೆಯಲ್ಲಿ ಮೇಜಿನ ಮೇಲೆ ಎಲ್ಲ ಪ್ರಾಣಿಗಳನ್ನೂ ಮಗ್ಗುಲಾಗಿ ಮಲಗಿಸಿ, ಸಾಹೇಬರ ಕೈಗೆ ಭೂತಗನ್ನಡಿ ಕೊಟ್ಟೆ. ಗುಂಡಿನ ಹಿಡಿ, ಗುಂಡಿಲ್ಲದ ಹಿಡಿ, ಚುಕ್ಕೆ, ಅಂಕಿ, ಎಲ್ಲವನ್ನೂ ಅವರ ಬೆರಳಿನಿಂದಲೇ ಮುಟ್ಟಿಸಿದೆ. ಅವರು ನಿಧಾನವಾಗಿ ನೋಡಿದರು, ಮತ್ತೆ ಮತ್ತೆ ನೋಡಿದರು. ಕೀಲಿಯವ ಗೋಡೆಗೆ ಒರಗಿ ನಿಂತಿದ್ದ, ತಾಯಿ ಹೊಸ್ತಿಲ ಆಚೆ ಕೂತಿದ್ದಳು.

ಕಾರಭಾರಿ ಬಿಡಲಿಲ್ಲ. “ಹಂಗಾದ್ರ ನಮ್ಮ ಜೋಡಿ ಎತ್ತು ಎಲ್ಲಿ ಹೋತು? ಜಾಗ ಖಾಲಿ ಅದಲ್ಲ!”

“ನಾಯಿ ಜೋಡಿ ಎಲ್ಲದ ಕಾರಭಾರಿ ಸಾಹೇಬ್ರ? ನರಿ ಜೋಡಿ?” ಎಂದೆ. “ಎಲ್ಲಾ ಒಂದೊಂದಽ ಬಂದಾವ. ಎತ್ತು ಅಂದಕೂಡಲೇ ನಿಮಗ ಜೋಡಿ ನೆನಪಾಗ್ಯದ. ಆ ಜಾಗ ಯಾರು ಬಿಟ್ರು, ಅದನ್ನ ಕೇಳ್ರಿ.”

ಯಾರೂ ಕೇಳುವ ಮೊದಲೇ ಕೀಲಿಯವ ಅಂದ, “ನಾನಽ ಬಿಟ್ಟೀನ್ರೀ. ಒರಸಿ ಇಡೂವಾಗ ಒಂಟಿ ಎತ್ತು ನೋಡಾಕ ಆಗ್ತಿದ್ದಿಲ್ಲ. ಅದರ ಮಗ್ಗಲಕ ನರಿ ನಿಲ್ಲಸೂದು ಹೆಂಗ? ಜೋಡಿ ಬಂದ್ರ ಬರ್ಲಿ ಅಂತ ಜಾಗ ಬಿಟ್ಟಿದ್ದೆ.”

“ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?” ಎಂದರು ಸಾಹೇಬರು.

“ಜಾಗ ಯಾಕ ಬಿಟ್ಟಿ ಅಂತ ಯಾರೂ ಕೇಳಲಿಲ್ರೀ ಹುಜೂರ್. ಎತ್ತು ಎಲ್ಲಿ ಅಂತ ಕೇಳಿದ್ರು.”

ಸಾಹೇಬರು ಕಾರಭಾರಿಯ ಮುಂದೆ ಕೈ ಚಾಚಿ, ಕೀಲಿಯ ಗೊಂಚಲನ್ನು ಇಸಿದುಕೊಂಡು ತಾವೇ ಕೀಲಿಯವನ ಕೈಯಲ್ಲಿ ಇಟ್ಟರು. ತಪ್ಪಾಯಿತು ಎಂದು ಬಾಯಲ್ಲಿ ಹೇಳಲಿಲ್ಲ. ಹೇಳಿದ ಹಾಗೇ ಆಯಿತು. ಹೊಸ್ತಿಲ ಆಚೆಯಿಂದ ತಾಯಿ ಬಿಕ್ಕಿದ್ದು ಕೇಳಿಸಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಹೇಬರು ಭೂತಗನ್ನಡಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಚುಕ್ಕೆಯ ಎತ್ತನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. “ಸುಭಾನಲ್ಲಾ,” ಎಂದರು. “ಇಷ್ಟು ಹಳೆಯದು ನಮ್ಮ ಜಾಗೀರಿಯ ಒಂದು ಹಳ್ಳಿಮನೆಯಲ್ಲಿ!”

ಕೀಲಿಯವ ತಾಯಿಯ ಕಡೆ ನೋಡಿದ. ಆಕೆ ತಲೆ ಆಡಿಸಿದಳು. ಅವನು ತಲೆಯ ರುಮಾಲು ಬಿಚ್ಚಿ ಎರಡೂ ಅಂಗೈಗಳ ಮೇಲೆ ಹಾಸಿದ. ಸಾಹೇಬರು ಎತ್ತನ್ನು ಹಿಂದಕ್ಕೆ ಅದರ ಮೇಲೆ ಇಟ್ಟಾಗ, ಅವನು ಹಿಂದೆ ಸರಿಯದೆ ಬಾಗಿ ಹಾಗೇ ಮುಂದಕ್ಕೆ ಚಾಚಿದ. ನಾನು ಸಾಹೇಬರ ಬೆರಳುಗಳನ್ನೇ ನೋಡುತ್ತಿದ್ದೆ. ಅವರು ಮುಟ್ಟಿದರು. ಕೈ ಹಿಂದಕ್ಕೆ ಬರಲಿಲ್ಲ.

“ದಿಲ್ ಸೆ?” ಎಂದು ಕೇಳಿದರು.

“ಜೀ ಹುಜೂರ್.”

ಸಾಹೇಬರ ಮುಖ ಅರಳಿತು. ಬಡವನೊಬ್ಬ ಮನಃಪೂರ್ವಕ ಕೊಟ್ಟ ಎಂದು ಅವರು ನಿಜವಾಗಿಯೂ ನಂಬಿದರು. ಎತ್ತನ್ನು ತಾವೇ ಒಯ್ದು ಖಾಲಿ ಜಾಗದಲ್ಲಿ ನಿಲ್ಲಿಸಿದರು. ಕೀಲಿ ಹಾಕಿದವನು ಕೀಲಿಯವನೇ. ನಾನು ಭೂತಗನ್ನಡಿಯನ್ನು ಮರೆತು ಬಂದೆ, ಆಮೇಲೆ ಜವಾನ ತಂದುಕೊಟ್ಟ. ನನ್ನ ವಿದ್ಯೆಯ ಮೇಲೆ ನನಗೆ ಅಷ್ಟು ಬೇಸರ ಬಂದದ್ದು ಅದೊಂದೇ ಸಲ. ಸುಳ್ಳು ಹೇಳಿದ್ದರೂ ಚೆನ್ನಾಗಿರುತ್ತಿರಲಿಲ್ಲ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಅದು ಹೋಗಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಸಂತೆಯ ನೆಪ ಮಾಡಿಕೊಂಡು ಕಮಲಾಪುರಕ್ಕೆ ಹೋದೆ. ಮಗ ರಜೆಯ ಮೇಲೆ ಬಂದಿದ್ದ, ಅಂಗಳದಲ್ಲಿ ಕೆರೆ ಮಣ್ಣು ತುಳಿಯುತ್ತಿದ್ದ. ತಾಯಿ ಎರಡು ಎತ್ತು ಮಾಡಿ ಮುಗಿಸಿದ್ದಳು. ಕೋಡು ಸ್ವಲ್ಪ ಸೊಟ್ಟ, ಕಾಲು ದಪ್ಪ; ಅಲ್ಮಾರಿಯ ಯಾವ ಪ್ರಾಣಿಗೂ ಹೋಲುತ್ತಿರಲಿಲ್ಲ. ನನ್ನನ್ನು ಕಂಡು ನಕ್ಕು, ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ಬೋರಲ ಹಾಕಿ ನೋಡ್ರಿ ರಾಯರ. ನೀವು ಅಡೀನಽ ನೋಡಾವ್ರು.”

ತಿರುಗಿಸಿದೆ. ಹೊಟ್ಟೆಯ ಕೆಳಗೆ, ನಾಲ್ಕು ಕಾಲುಗಳ ನಡುವೆ, ಹೆಬ್ಬೆರಳನ್ನು ಬಲವಾಗಿ ಒತ್ತಿದ ಗುರ್ತು ಇತ್ತು. ಬೆರಳಿನ ಗೆರೆಗಳೆಲ್ಲ ಮೂಡಿದ್ದವು, ನಡುವೆ ಅಡ್ಡಲಾಗಿ ಒಂದು ಹಳೆಯ ಗಾಯದ ಕಲೆ.

“ಯಾರದು ಹೇಳ್ರಿ ನೋಡೂಣು,” ಎಂದಳು.

“ನಿನ್ನದವ್ವಾ.”

“ಹಾಂ. ನಾಳಿಗಿ ನೀರಿಗೆ ಬಿಡಾವ, ಖರೆ. ಆದ್ರೂ ಗುರ್ತು ಇರ್ಲಿ. ಯಾರರ ಬಂದು ಕೇಳಿದ್ರ ಹಿಂಗಽ ಹೇಳ್ರಿ.”

ಮಣ್ಣು ಇನ್ನೂ ಹಸಿಯಾಗಿತ್ತು. ನನ್ನ ಬೆರಳು ಆ ಗುರ್ತಿಗೆ ತಗಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಇಟ್ಟೆ.